ಒದೆಯುವ ಮೇಕೆಯನ್ನು ಹಾಲು ಕರೆಯಲು ಪಳಗಿಸುವುದು ಹೇಗೆ?

"ಕೆಚ್ಚಲಿಗೆ ಕೈ ಸೋಕಿದರೆ ಸಾಕು ಒದೆಯುತ್ತದೆ, ಪಾತ್ರೆಯೊಳಗೆ ಕಾಲಿಡುತ್ತದೆ, ಎರಡೂ ಆಗದಿದ್ದರೆ ದೊಪ್ಪನೆ ಕೂತುಬಿಡುತ್ತದೆ, ಏನು ಮಾಡುವುದು?" ಮನೆಯ ಹಾಲಿಗೆಂದು ಮೇಕೆ ತಂದವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರಿಸುವ ಬದಲು ಮೊದಲಿನಿಂದ ಕೊನೆಯವರೆಗೆ ಒಂದೆಡೆ ಬರೆದಿಡುವುದು ಲೇಸೆಂದು ತೋರಿದ್ದರಿಂದ ಈ ಲೇಖನ.

ನಮ್ಮಲ್ಲಿ ಈ ತೊಂದರೆ ಹೆಚ್ಚಾಗಿ ಕಾಣುವುದಕ್ಕೆ ಕಾರಣವಿದೆ. ನಂದಿದುರ್ಗ, ಬಿದರಿಯಂಥ ಕರ್ನಾಟಕದ ತಳಿಗಳನ್ನು ಮುಖ್ಯವಾಗಿ ಮಾಂಸಕ್ಕಾಗಿ ಸಾಕುತ್ತ ಬಂದಿರುವುದರಿಂದ ಅವುಗಳ ಹಾಲು ಮರಿಗಳಿಗೇ ಸಲ್ಲುತ್ತದೆ. ಮನುಷ್ಯರ ಕೈ ಕೆಚ್ಚಲಿಗೆ ಹೋಗುವ ರೂಢಿ ಆ ಮಂದೆಗಳಲ್ಲಿ ಕಡಿಮೆ. ಹಾಲಿಗೆ ಹೆಸರಾದ ಜಮುನಾಪಾರಿಯನ್ನೋ ಬೀಟಲನ್ನೋ ಕೊಂಡು ತಂದರೂ, ಅದು ಹಿಂದಿದ್ದ ದೊಡ್ಡಿಯಲ್ಲಿ ಯಾರಾದರೂ ಅದನ್ನು ಕರೆಯುತ್ತಿದ್ದರೇ ಎಂಬುದು ಕೊಂಡವರಿಗೆ ತಿಳಿದಿರುವುದಿಲ್ಲ, ಸಂತೆಯಲ್ಲಿ ಕೇಳಿದರೆ ಸರಿಯಾದ ಉತ್ತರವೂ ಸಿಗುವುದಿಲ್ಲ.

ಮೇಕೆ ಮೊದಲ ಸಲ ಒದೆಯುವುದು ನೋವಿನಿಂದ ಇಲ್ಲವೇ ಹೆದರಿಕೆಯಿಂದ. ಒದ್ದೊಡನೆ ನೀವು ಥಟ್ಟನೆ ಕೈ ಹಿಂತೆಗೆಯುತ್ತೀರಿ. ಕಾಲೆತ್ತಿದರೆ ಕೈ ಹೋಗುತ್ತದೆ ಎಂಬುದನ್ನು ಅದು ಆ ಕ್ಷಣದಲ್ಲೇ ಕಲಿಯುತ್ತದೆ. ಮೂರು ನಾಲ್ಕು ದಿನಗಳಲ್ಲಿ ನೋವು ಹೋದರೂ, ಹೆದರಿಕೆ ಕಳೆದರೂ, ಕಲಿತದ್ದು ಮಾತ್ರ ಹೋಗುವುದಿಲ್ಲ. ಕೆಳಗೆ ಹೇಳುವ ಕ್ರಮವೆಲ್ಲ ಈ ಪಾಠವನ್ನು ತಿರುವುಮುರುವು ಮಾಡುವುದಕ್ಕಾಗಿಯೇ ಇದೆ: ಕಾಲೆತ್ತಿದಾಗ ಕೈ ಅಲ್ಲೇ ಇರಬೇಕು, ಕಾಲು ನೆಲದ ಮೇಲೆ ನಿಂತಾಗ ಕೈ ಬಿಡಬೇಕು. ಇದೊಂದನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ಅನುಕೂಲದ ಮಾತು.

ಬೇಕಾಗುವವು

ಒಂದು ಕಟ್ಟೆ ಅಥವಾ ಹಲಗೆ, ಕೊರಳಿಗೆ ಅಗಲವಾದ ಪಟ್ಟಿ, ಮೇವು ಹಾಕಲು ಬಾನಿ, ಒಂದು ಸಣ್ಣ ಚೊಂಬು, ಅದನ್ನು ಆಗಾಗ ಬಗ್ಗಿಸಲು ಮುಚ್ಚಳವಿರುವ ಕ್ಯಾನು, ಮೆತ್ತನೆಯ ಎರಡು ಹತ್ತಿಬಟ್ಟೆ, ಉಗುರುಬೆಚ್ಚಗಿನ ನೀರು, ಉಗುರು ಕತ್ತರಿಸಿದ ಕೈ. ಇವುಗಳ ಜೊತೆಗೆ ದಿನಕ್ಕೆ ಎರಡು ಹೊತ್ತು ಕಾಲು ಗಂಟೆಯ ಬಿಡುವು ಬೇಕು. ಆತುರವಿರುವ ದಿನ ಪಾಠಕ್ಕೆ ಕೂರದಿರುವುದೇ ಒಳ್ಳೆಯದು. ಮೇಕೆಗೆ ನಿಮ್ಮ ಆತುರ ನಿಮಗಿಂತ ಮೊದಲೇ ಗೊತ್ತಾಗುತ್ತದೆ.

ಕಟ್ಟೆಯ ಬಗ್ಗೆ ತುಸು ವಿವರವಾಗಿಯೇ ಹೇಳಬೇಕು. ಮೇಕೆ ಎತ್ತರದ ಜಾಗಕ್ಕೆ ತಾನಾಗಿಯೇ ಹತ್ತುವ ಪ್ರಾಣಿಯಾದ್ದರಿಂದ ಸುಮಾರು ಒಂದೂವರೆ ಅಡಿ ಎತ್ತರದ ಕಟ್ಟೆಗೆ ಅದನ್ನು ಹತ್ತಿಸುವುದು ಕಷ್ಟವಲ್ಲ, ಅಲ್ಲಿ ನಿಂತರೆ ಕೆಚ್ಚಲು ನಿಮ್ಮ ಕೈ ಮಟ್ಟಕ್ಕೂ ಬರುತ್ತದೆ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ ಸಾಕು. ಇನ್ನೂ ಅಗಲವಾದರೆ ಅದಕ್ಕೆ ಕುಣಿಯಲು ಜಾಗ ಕೊಟ್ಟಂತಾಗುತ್ತದೆ. ಒಂದು ಬದಿಗೆ ಗೋಡೆಯಿರಲಿ. ಸಿಮೆಂಟ್ ಇಟ್ಟಿಗೆಯ ಮೇಲೆ ಗಟ್ಟಿ ಹಲಗೆ ಹಾಕಿದರೂ ನಡೆಯುತ್ತದೆ, ಆದರೆ ಹಲಗೆ ಅಲುಗಬಾರದು ಮತ್ತು ಜಾರಬಾರದು. ನುಣುಪಾದ ಟೈಲ್ಸ್ ಅಥವಾ ಕಡಪ ಕಲ್ಲಿನ ಮೇಲೆ ಗೊರಸು ಒಮ್ಮೆ ಜಾರಿತೆಂದರೆ ಮಾರನೆಯ ದಿನ ಮೇಕೆ ಆ ಕಟ್ಟೆಯ ಹತ್ತಿರವೂ ಸುಳಿಯುವುದಿಲ್ಲ. ಗೋಣಿಚೀಲವನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆಯಿರಿ.

ತಲೆಯ ಬದಿಗೆ ಎರಡು ನೆಟ್ಟನೆಯ ಗಳಗಳನ್ನು ನಿಲ್ಲಿಸಿ, ಒಂದನ್ನು ಸರಿಸುವಂತೆ ಮಾಡಿ, ಕೊರಳು ಸಿಕ್ಕಿಕೊಂಡ ಮೇಲೆ ನಡುವೆ ಸುಮಾರು ನಾಲ್ಕು ಅಂಗುಲ ಉಳಿಯುವಂತೆ ನೋಡಿಕೊಂಡರೆ ಅದೇ ಕೊರಳಗೂಟ. ತಲೆ ಹಿಂದಕ್ಕೆ ಬರಬಾರದು, ಕೊರಳು ಬಿಗಿಯಲೂಬಾರದು. ಕೊಂಬು ಅಗಲವಿರುವ ಮೇಕೆಗೆ ಇದು ಹೊಂದುವುದಿಲ್ಲ. ಅಂಥದ್ದನ್ನು ಕೊರಳ ಪಟ್ಟಿಯಿಂದ ಗೋಡೆಯ ಬಳೆಗೆ ಗಿಡ್ಡ ಹಗ್ಗದಲ್ಲಿ ಕಟ್ಟಿ. ಹಗ್ಗವನ್ನು ಎಂದೂ ಜೀರುಗುಣಿಕೆ ಹಾಕಿ ಕೊರಳಿಗೆ ಕಟ್ಟಬೇಡಿ. ಕಟ್ಟೆಯಿಂದ ಕಾಲು ಜಾರಿದರೆ ಅದು ಉರುಳಾಗುತ್ತದೆ.

ಹಂತ 1: ನೋವು ಇಲ್ಲವೆಂದು ಖಚಿತಪಡಿಸಿಕೊಳ್ಳಿ

ಬಹಳ ಜನ ಬಿಟ್ಟುಬಿಡುವ ಹಂತ ಇದು. ನೋವಿರುವ ಮೇಕೆಗೆ ಪಾಠ ಹೇಳುವುದು ವ್ಯರ್ಥವಷ್ಟೇ ಅಲ್ಲ, ಅನ್ಯಾಯ ಕೂಡ.

ಮೊದಲು ಕೆಚ್ಚಲನ್ನು ಕಣ್ಣಿನಿಂದ ನೋಡಿ. ಎರಡು ಭಾಗಗಳಲ್ಲಿ ಒಂದು ಮಾತ್ರ ಕೆಂಪಗೆ ಊದಿದೆಯೇ, ಮುಟ್ಟಿದರೆ ಬಿಸಿಯಾಗಿದೆಯೇ, ಒಳಗೆ ಗಟ್ಟಿ ಗಂಟು ಸಿಗುತ್ತದೆಯೇ ಎಂದು ಪರೀಕ್ಷಿಸಿ. ಪ್ರತಿ ಮೊಲೆಯಿಂದ ಎರಡು ಮೂರು ಧಾರೆಗಳನ್ನು ಕಪ್ಪು ಬಟ್ಟೆ ಬಿಗಿದ ಬಟ್ಟಲಿಗೆ ಹಿಂಡಿ. ಬಟ್ಟೆಯ ಮೇಲೆ ಮೊಸರಿನಂಥ ಚೂರು, ದಾರದಂಥ ಎಳೆ, ರಕ್ತದ ಛಾಯೆ ಅಥವಾ ನೀರು ನೀರಾದ ಹಾಲು ಕಂಡರೆ ಕೆಚ್ಚಲು ಬಾವನ್ನು ಸಂಶಯಿಸಬೇಕು. ಕೆಚ್ಚಲಿನೊಳಗೆ ಸೋಂಕು ತಗಲಿ ಉರಿ ಹುಟ್ಟಿಸುವ ಈ ರೋಗವನ್ನೇ ಪಶುವೈದ್ಯರು ಮಾಸ್ಟೈಟಿಸ್ ಎನ್ನುತ್ತಾರೆ. ಮೇಕೆಯ ದೇಹದ ಉಷ್ಣತೆ ಸಾಮಾನ್ಯವಾಗಿ 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಅದಕ್ಕಿಂತ ಹೆಚ್ಚಿದ್ದು ಮೇವನ್ನೂ ಬಿಟ್ಟಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ, ಇಲ್ಲವೇ ಸಂಚಾರಿ ಪಶುಚಿಕಿತ್ಸಾ ವಾಹನಕ್ಕಾಗಿ 1962ಕ್ಕೆ ಕರೆ ಮಾಡಿ. ಕೆಚ್ಚಲು ನೀಲಿಗಟ್ಟಿ ತಣ್ಣಗಾಗಿದ್ದರೆ ಅದು ಗಂಟೆಗಳ ಲೆಕ್ಕದ ತುರ್ತು.

ಮೊಲೆಯ ಚರ್ಮವನ್ನೂ ನೋಡಿ. ಬಿರುಕು, ಉಣ್ಣೆ ಕಚ್ಚಿದ ಗಾಯ, ಮರಿಯ ಹಲ್ಲು ತಗಲಿದ ಗೀರು, ಇವೆಲ್ಲ ಮೇಕೆಯನ್ನು ಒದೆಯುವಂತೆ ಮಾಡುತ್ತವೆ. ಮರಿಗಳ ಬಾಯಿಯ ಸುತ್ತ ಹಕ್ಕಳೆಗಟ್ಟಿದ ಹುಣ್ಣಿದ್ದು ತಾಯಿಯ ಮೊಲೆಯ ಮೇಲೂ ಅಂಥದ್ದೇ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಆರ್ಫ್ ಎಂಬ ಈ ಅಂಟುಹುಣ್ಣು ಮನುಷ್ಯರ ಕೈಗೂ ಹತ್ತುತ್ತದೆ.

ಈದ ಹೊಸತರಲ್ಲಿ, ಅದರಲ್ಲೂ ಚೊಚ್ಚಲು ಮೇಕೆಯಲ್ಲಿ, ಕೆಚ್ಚಲು ಬಾತುಕೊಂಡು ಬಿಗಿಯಾಗಿರುವುದು ಸಹಜ. ರೋಗವಲ್ಲದಿದ್ದರೂ ನೋವಂತೂ ಹೌದು. ಬೆಚ್ಚನೆಯ ಒದ್ದೆ ಬಟ್ಟೆಯ ಶಾಖ ಕೊಟ್ಟು, ಬಿಗುವು ಇಳಿಯುವಷ್ಟು ಮಾತ್ರ ಹಾಲು ತೆಗೆದು, ಬಾವು ಇಳಿದ ಮೇಲೆ ಪಾಠ ಆರಂಭಿಸಿ. ಮೊದಲ ಮೂರು ನಾಲ್ಕು ದಿನದ ಗಿಣ್ಣುಹಾಲು ಮರಿಗಳ ಪಾಲಿನದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೊನೆಯದಾಗಿ ನಿಮ್ಮ ಕೈಯನ್ನೇ ಪರೀಕ್ಷಿಸಿಕೊಳ್ಳಿ. ಉದ್ದ ಉಗುರು, ಚಳಿಗಾಲದ ಮುಂಜಾನೆಯ ತಣ್ಣನೆಯ ಬೆರಳು, ಮೊಲೆಯ ಜೊತೆಗೆ ಸಿಕ್ಕಿಕೊಂಡು ಕಿತ್ತುಬರುವ ಕೂದಲು, ಇವು ಎಷ್ಟೋ ಕಡೆ ಒದೆತದ ಪೂರ್ತಿ ಕಾರಣವಾಗಿರುತ್ತವೆ. ಕೆಚ್ಚಲ ಸುತ್ತಲಿನ ಕೂದಲನ್ನು ಕತ್ತರಿಯಿಂದ ಗಿಡ್ಡ ಮಾಡಿ. ಹೆಬ್ಬೆರಳನ್ನು ಮಡಿಸಿ ಅದರ ಗೆಣ್ಣಿನಿಂದ ಮೊಲೆಯನ್ನು ಒತ್ತಿ ಕರೆಯುವ ಅಭ್ಯಾಸ ನಿಮಗಿದ್ದರೆ ಇಂದೇ ಬಿಡಿ. ಅದು ಮೊಲೆಯ ಒಳಪದರವನ್ನು ಜಜ್ಜುತ್ತದೆ.

ಹಂತ 2: ಕಟ್ಟೆ ಎಂದರೆ ತಿಂಡಿಯ ಜಾಗ ಎಂದು ನಂಬಿಸಿ

ಎರಡು ಮೂರು ದಿನ ಕೆಚ್ಚಲಿನ ತಂಟೆಗೇ ಹೋಗಬೇಡಿ. ದಿನವೂ ಒಂದೇ ಹೊತ್ತಿಗೆ, ಒಬ್ಬರೇ ವ್ಯಕ್ತಿ, ಮೇಕೆಯನ್ನು ಕಟ್ಟೆಗೆ ಕರೆದೊಯ್ಯಲಿ. ಬಾನಿಯಲ್ಲಿ ಅದಕ್ಕೆ ಇಷ್ಟವಾದ ಹಿಂಡಿ ಬೂಸ, ಮೆಕ್ಕೆಜೋಳದ ನುಚ್ಚು, ನೆನೆಸಿದ ಹುರುಳಿ, ಹೀಗೆ ಯಾವುದಾದರೂ ಇರಲಿ. ಆ ತಿಂಡಿ ಕಟ್ಟೆಯ ಮೇಲಲ್ಲದೆ ಬೇರೆಲ್ಲಿಯೂ ಸಿಗದಿರಲಿ. ಕೊರಳಗೂಟವನ್ನು ಮೊದಲ ದಿನ ಹಾಕದೆ, ಎರಡನೆಯ ದಿನ ತಿನ್ನುವಾಗ ಮೆಲ್ಲನೆ ಹಾಕಿ, ತಿಂದು ಮುಗಿಸುವ ಮುನ್ನ ತೆಗೆಯಿರಿ.

ತಿಂಡಿಯ ಪ್ರಮಾಣದಲ್ಲಿ ಎಚ್ಚರ ಬೇಕು. ಹೊತ್ತಿಗೆ 200ರಿಂದ 300 ಗ್ರಾಂ ಸಾಕು, ರೂಢಿಯಿಲ್ಲದ ಮೇಕೆಗೆ ಒಂದು ಹಿಡಿಯಿಂದ ಶುರುಮಾಡಿ ವಾರದಲ್ಲಿ ಅಷ್ಟಕ್ಕೆ ಮುಟ್ಟಿಸಿ. ಹಠಾತ್ತನೆ ಹೆಚ್ಚು ಕಾಳು ಬಿದ್ದರೆ ಮೆಲುಕು ಹಾಕುವ ಹೊಟ್ಟೆಯಲ್ಲಿ ಆಮ್ಲ ಏರಿ ಮೇಕೆ ಸಾಯುವುದೂ ಉಂಟು. ಹಬ್ಬದ ಮರುದಿನ ಉಳಿದ ಅನ್ನ, ಮುದ್ದೆ, ಪಾಯಸವನ್ನು ಬಾನಿಗೆ ಸುರಿಯುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ. ಹಬ್ಬದ ಮಾರನೆಯ ದಿನ ಪಶುವೈದ್ಯರನ್ನು ಹುಡುಕಿಕೊಂಡು ಹೊರಡುವುದಕ್ಕೆ ಎಷ್ಟೋ ಸಲ ಅದೇ ಕಾರಣ. ಬೇಗ ಮುಗಿಸುವ ಮೇಕೆಯಾದರೆ ಕಾಳಿನ ಪ್ರಮಾಣ ಹೆಚ್ಚಿಸದೆ, ಬಾನಿಯಲ್ಲಿ ಮುಷ್ಟಿಗಾತ್ರದ ಮೂರು ನಾಲ್ಕು ಗುಂಡುಕಲ್ಲುಗಳನ್ನಿಟ್ಟು ಅವುಗಳ ಸಂದಿಯಿಂದ ಹೆಕ್ಕಿ ತಿನ್ನುವಂತೆ ಮಾಡಿ. ಜೊತೆಗೆ ಹಲಸಿನ ಅಥವಾ ಬಸರಿಯ ಸೊಪ್ಪಿನ ಒಂದು ಕಟ್ಟನ್ನು ಮುಖದ ಮುಂದೆ ತೂಗುಹಾಕಿದರೆ ಇನ್ನಷ್ಟು ಹೊತ್ತು ಸಿಗುತ್ತದೆ.

ಇಲ್ಲೊಂದು ತೊಡಕಿದೆ. ಈಗಾಗಲೇ ಹಾಲಿರುವ ಮೇಕೆಯ ಕೆಚ್ಚಲು ನಿಮ್ಮ ಪಾಠ ಮುಗಿಯುವ ತನಕ ಕಾಯುವುದಿಲ್ಲ. ಮರಿಗಳಿದ್ದರೆ ಈ ದಿನಗಳಲ್ಲಿ ಅವು ಕುಡಿದುಕೊಳ್ಳಲಿ. ಮರಿಗಳಿಲ್ಲದಿದ್ದರೆ ಎಂದಿನಂತೆ ಇಬ್ಬರು ಸೇರಿ, ಬೇರೆ ಜಾಗದಲ್ಲಿ, ಹೇಗೋ ಕರೆದು ಕೆಚ್ಚಲು ಖಾಲಿ ಮಾಡಿ. ಪಾಠವನ್ನು ಮಧ್ಯಾಹ್ನದಂಥ ಬೇರೆ ಹೊತ್ತಿನಲ್ಲಿ, ಈ ಕಟ್ಟೆಯ ಮೇಲೆ ನಡೆಸಿ. ಜಗಳದ ಜಾಗವೂ ಪಾಠದ ಜಾಗವೂ ಒಂದೇ ಆಗದಂತೆ ನೋಡಿಕೊಳ್ಳುವುದು ಮುಖ್ಯ.

ಹಂತ 3: ಕೈ ಇಡುವುದು, ಕೈ ತೆಗೆಯುವುದು

ಪಾಠದ ತಿರುಳು ಈ ಹಂತದಲ್ಲಿದೆ. ಎರಡು ದಿನದಲ್ಲಿ ಮುಗಿಯುವ ಮೇಕೆಯೂ ಉಂಟು, ಹತ್ತು ದಿನ ಹಿಡಿಯುವುದೂ ಉಂಟು.

ಮೇಕೆ ತಿನ್ನುತ್ತಿರುವಾಗ ಅಂಗೈಯನ್ನು ಪೂರ್ತಿ ಚಪ್ಪಟೆಯಾಗಿ ಅದರ ಭುಜದ ಮೇಲಿಡಿ. ಬೆರಳ ತುದಿಯಿಂದ ಮುಟ್ಟಿದರೆ ನೊಣ ಕೂತಂತಾಗಿ ಚರ್ಮ ಅದುರುತ್ತದೆ. ಅಂಗೈಯ ಭಾರವನ್ನು ಅದು ಸಹಿಸುತ್ತದೆ. ಅಲ್ಲಿಂದ ಬೆನ್ನು, ಪಕ್ಕೆ, ಹೊಟ್ಟೆ, ತೊಡೆಯ ಒಳಬದಿ ಎಂದು ಒಂದೊಂದೇ ಗೇಣು ಸರಿಯಿರಿ. ಯಾವುದೋ ಒಂದು ಜಾಗದಲ್ಲಿ ಅದು ತಿನ್ನುವುದನ್ನು ನಿಲ್ಲಿಸಿ ಕಿವಿ ಹಿಂದಕ್ಕೆ ತಿರುಗಿಸುತ್ತದೆ, ಬಾಲವನ್ನು ಒತ್ತಿ ಹಿಡಿಯುತ್ತದೆ. ಅಂದಿನ ಎಲ್ಲೆ ಅದು. ಎಲ್ಲೆಯನ್ನು ದಾಟದೆ, ಅಲ್ಲೇ ಕೈಯಿಟ್ಟುಕೊಂಡು ಕಾಯಿರಿ. ಮತ್ತೆ ಅಗಿಯುವ ಸದ್ದು ಕೇಳಿದೊಡನೆ ಕೈ ತೆಗೆಯಿರಿ. ಕೆಲವು ಕ್ಷಣ ಬಿಟ್ಟು ಮತ್ತೆ ಅಲ್ಲಿಗೇ ಬನ್ನಿ.

ಕೈ ಕೆಚ್ಚಲಿಗೆ ಬಂದಾಗ ಒದೆತ ಬರುವುದು ಖಂಡಿತವೆಂದೇ ತಿಳಿದಿರಿ. ಕುಳಿತುಕೊಳ್ಳುವ ಭಂಗಿ ಇಲ್ಲಿ ನೆರವಿಗೆ ಬರುತ್ತದೆ: ಮೇಕೆಯ ಪಕ್ಕದಲ್ಲಿ ಅದರ ಬಾಲದ ಕಡೆಗೆ ಮುಖಮಾಡಿ ಕುಳಿತು, ನಿಮ್ಮ ಭುಜವನ್ನು ಅದರ ಪಕ್ಕೆಗೆ ಒತ್ತಿ, ಮುಂಗೈಯನ್ನು ಹಿಂಗಾಲಿನ ಮಂಡಿಯ ಮುಂದೆ ಅಡ್ಡವಾಗಿಡಿ. ಕರೆಯುವವರಿಗೆ ತಗಲುವ ಒದೆತ ಮುಂದಕ್ಕೂ ಮೇಲಕ್ಕೂ ಬೀಸಿಬರುವಂಥದ್ದಾದ್ದರಿಂದ ಅಡ್ಡವಿರುವ ಮುಂಗೈ ಅದರ ಬಲವನ್ನು ಮುರಿಯುತ್ತದೆ. ಭುಜ ಪಕ್ಕೆಗೆ ತಾಗಿದ್ದರೆ ಒದೆತಕ್ಕೆ ಮುನ್ನ ಭಾರ ಮತ್ತೊಂದು ಕಾಲಿಗೆ ಜರುಗುವುದೂ ನಿಮಗೆ ತಿಳಿಯುತ್ತದೆ. ಕಾಲು ಎದ್ದರೆ ಅಂಗೈ ಕೆಚ್ಚಲಿಗೆ ಅಂಟಿಕೊಂಡೇ ಇರಲಿ, ಅದು ಸರಿದತ್ತ ತಾನೂ ಸರಿಯಲಿ. ಬಿಗಿಯಾಗಿ ಹಿಡಿಯಬೇಡಿ, ಮೊಲೆಯನ್ನು ಎಳೆಯಬೇಡಿ. ಕಾಲು ಕೆಳಗೆ ಬಂದ ಮೇಲೆ ಒಂದು, ಎರಡು, ಮೂರು ಎಂದು ಎಣಿಸಿ ಕೈ ತೆಗೆಯಿರಿ. ದಿನ ಕಳೆದಂತೆ ಎಣಿಕೆ ಐದಾಗಲಿ, ಹತ್ತಾಗಲಿ, ಮೂವತ್ತಾಗಲಿ.

ಬಲವಾಗಿ ಒದೆಯುವ ದೊಡ್ಡ ಮೇಕೆಯ ಬಳಿ ಕೈ ಅಲ್ಲೇ ಇಡುವ ಧೈರ್ಯ ಬಾರದಿರುವುದು ಸಹಜ. ಅದಕ್ಕೊಂದು ಉಪಾಯವಿದೆ: ಹಳೆಯ ಬಟ್ಟೆಯ ಕೈಗವಸಿಗೆ ಚಿಂದಿ ತುಂಬಿ, ಎರಡಡಿ ಕೋಲಿನ ತುದಿಗೆ ಕಟ್ಟಿ, ಆ ಹುಸಿಗೈಯನ್ನು ಕೆಚ್ಚಲಿಗೆ ಒರಗಿಸಿ ಹಿಡಿಯಿರಿ. ಅದು ಎಷ್ಟು ಒದ್ದರೂ ಹುಸಿಗೈಗೆ ನೋವಾಗುವುದಿಲ್ಲ, ಅದು ಬೆಚ್ಚಿ ಹಿಂದೆ ಸರಿಯುವುದೂ ಇಲ್ಲ. ಒದ್ದು ಪ್ರಯೋಜನವಿಲ್ಲವೆಂದು ಮೇಕೆಗೆ ಮನವರಿಕೆಯಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣವನ್ನು ನಾನು ಕಂಡಿಲ್ಲ.

ಹೊಡೆಯುವುದು, ಗದರುವುದು, ಬಾಲ ತಿರುಚುವುದು ಇವನ್ನು ನೀತಿಯ ದೃಷ್ಟಿಯಿಂದ ಮಾತ್ರ ಬೇಡವೆನ್ನುತ್ತಿಲ್ಲ. ಕೆಲಸದ ದೃಷ್ಟಿಯಿಂದಲೂ ಅವು ಕೆಡುಕು. ಹಾಲು ಕೆಚ್ಚಲಿನ ಮೇಲ್ಭಾಗದಿಂದ ಇಳಿದು ಬರುವುದನ್ನು ನಾವು ತೊರೆ ಬಿಡುವುದು ಎನ್ನುತ್ತೇವಲ್ಲ, ಅದನ್ನು ಮಾಡಿಸುವುದು ಮಿದುಳಿನಿಂದ ರಕ್ತಕ್ಕೆ ಬರುವ ಆಕ್ಸಿಟೋಸಿನ್ ಎಂಬ ಸ್ರಾವ. ಹೆದರಿಕೆಯಾದಾಗ ಸ್ರವಿಸುವ ಅಡ್ರಿನಲಿನ್ ಅದರ ಕೆಲಸಕ್ಕೆ ಅಡ್ಡಬರುತ್ತದೆ. ಪೆಟ್ಟು ತಿಂದ ಮೇಕೆ ಒಂದು ವೇಳೆ ನಿಂತರೂ ತೊರೆ ಬಿಡುವುದಿಲ್ಲ.

ಹಂತ 4: ಪಾತ್ರೆಯಿಲ್ಲದೆ ಕರೆಯುವ ನಟನೆ

ಮೂವತ್ತರ ಎಣಿಕೆಯವರೆಗೆ ಕೈ ಸಹಿಸಿದ ಮೇಲೆ ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೆಚ್ಚಲನ್ನು ಒರೆಸಿ, ಇನ್ನೊಂದು ಬಟ್ಟೆಯಿಂದ ಒಣಗಿಸಿ. ಅನಂತರ ಮೊಲೆಯ ಬುಡವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮುಚ್ಚಿ, ನಡುಬೆರಳು, ಉಂಗುರ ಬೆರಳು, ಕಿರುಬೆರಳುಗಳನ್ನು ಒಂದರ ಹಿಂದೊಂದು ಮಡಚಿ. ಬುಡ ಮುಚ್ಚಿರುವುದರಿಂದ ಹಾಲು ಮೇಲಕ್ಕೆ ಹೋಗದೆ ಕೆಳಕ್ಕೆ ಬರುತ್ತದೆ. ಮುಷ್ಟಿಯನ್ನು ಕೆಳಗೆ ಜಗ್ಗುವ ಅಗತ್ಯವೇ ಇಲ್ಲ, ಜಗ್ಗಿದರೆ ನೋವಾಗುತ್ತದೆ. ಚೊಚ್ಚಲು ಮೇಕೆಯ ಮೊಲೆ ಗಿಡ್ಡವಾಗಿದ್ದರೆ ಹೆಬ್ಬೆರಳು ಮತ್ತು ಎರಡು ಬೆರಳುಗಳಷ್ಟೇ ಹಿಡಿಯುತ್ತವೆ. ಆಗಲೂ ಕ್ರಮ ಇದೇ.

ಎರಡು ದಿನ ಹಾಲು ನೆಲಕ್ಕೆ, ಇಲ್ಲವೇ ಕೆಳಗಿಟ್ಟ ಹಳೆಯ ತಟ್ಟೆಗೆ ಬೀಳಲಿ. ಹಾಲು ನೆಲದ ಪಾಲಾಗುವುದನ್ನು ಮನೆಯ ಹಿರಿಯರು ಸಹಿಸುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಪಾತ್ರೆಯನ್ನಿಟ್ಟರೆ ನಿಮ್ಮ ಗಮನವೆಲ್ಲ ಪಾತ್ರೆಯನ್ನು ಉಳಿಸಿಕೊಳ್ಳುವುದಕ್ಕೇ ಹೋಗುತ್ತದೆ, ಕಾಲೆತ್ತಿದಾಗ ಮೊದಲು ಕೈ ಬಿಟ್ಟು ಪಾತ್ರೆ ಹಿಡಿಯುತ್ತೀರಿ, ಹಿಂದಿನ ವಾರದ ಪಾಠವೆಲ್ಲ ಆ ಒಂದು ಗಳಿಗೆಯಲ್ಲಿ ಅಳಿಸಿಹೋಗುತ್ತದೆ.

ಹಂತ 5: ಚೊಂಬು ಹಿಡಿದು ಕರೆಯುವುದು

ಈಗ ಎಡಗೈಯಲ್ಲಿ ಸಣ್ಣ ಚೊಂಬು ಹಿಡಿದು ಬಲಗೈಯೊಂದರಿಂದಲೇ ಕರೆಯಿರಿ. ಕಾಲೆದ್ದರೆ ಚೊಂಬು ಸರಿಯಲಿ, ಬಲಗೈ ಅಲ್ಲೇ ಉಳಿಯಲಿ. ಹತ್ತಿಪ್ಪತ್ತು ಧಾರೆಗೊಮ್ಮೆ ಚೊಂಬನ್ನು ದೂರದ ಕ್ಯಾನಿಗೆ ಬಗ್ಗಿಸುತ್ತಿದ್ದರೆ, ಒಮ್ಮೆ ಕಾಲು ಬಿದ್ದರೂ ಹೋಗುವುದು ಒಂದು ಲೋಟ ಮಾತ್ರ. ಮೊದಲ ಎರಡು ಮೂರು ಧಾರೆಗಳನ್ನು ಕಪ್ಪು ಬಟ್ಟೆಯ ಬಟ್ಟಲಿಗೆ ಹಿಂಡಿ ನೋಡುವ ಅಭ್ಯಾಸವನ್ನು ಪಾಠ ಮುಗಿದ ಮೇಲೂ ಬಿಡಬೇಡಿ.

ಕೆಚ್ಚಲನ್ನು ಒರೆಸಿ ಸವರಿದ ಒಂದು ನಿಮಿಷದೊಳಗೆ ತೊರೆ ಬರುತ್ತದೆ, ಕೆಲವೇ ನಿಮಿಷ ಇರುತ್ತದೆ. ಒರೆಸಿಟ್ಟು ಚೊಂಬು ಹುಡುಕಲು ಹೋದರೆ ಆ ಹೊತ್ತು ಕಳೆದುಹೋಗುತ್ತದೆ. ಹಾಗೆಂದು ಕೊನೆಯ ಹನಿಗಾಗಿ ಹೋರಾಡುವುದೂ ಬೇಡ. ಹಸುವಿನಂತಲ್ಲದೆ ಮೇಕೆಯಲ್ಲಿ ಹಾಲಿನ ಬಹುಪಾಲು ಕೆಚ್ಚಲಿನ ಕೆಳಭಾಗದ ಕುಹರದಲ್ಲೇ ಸಂಗ್ರಹವಾಗಿರುತ್ತದೆ. ಪೂರ್ತಿ ತೊರೆ ಬಿಡದಿದ್ದರೂ ಅಷ್ಟು ಸಿಗುತ್ತದೆ. ಕಲಿಕೆಯ ಮೊದಲ ವಾರ ಅಷ್ಟಕ್ಕೆ ತೃಪ್ತರಾಗಿ, ಉಳಿದದ್ದನ್ನು ಮರಿಗಳಿಗೆ ಬಿಡಿ. ಮೇಕೆ ಪಳಗಿದ ಮೇಲೆ ಮಾತ್ರ ಕೊನೆಯವರೆಗೆ ಕರೆಯಬೇಕು, ಏಕೆಂದರೆ ಕೊಬ್ಬಿನಂಶ ಹೆಚ್ಚಿರುವ ಹಾಲು ಕೊನೆಗೆ ಬರುತ್ತದೆ ಮತ್ತು ದಿನವೂ ಹಾಲು ಉಳಿಸಿದರೆ ಉತ್ಪಾದನೆ ಇಳಿಯುತ್ತದೆ.

ತೊರೆ ಬಿಡಿಸಲು ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟರಾಯಿತು ಎಂದು ಸಲಹೆ ಕೊಡುವವರು ಸಿಗುತ್ತಾರೆ. ಅದು ಪಶುವೈದ್ಯರ ಚೀಟಿಯ ಮೇಲೆ ಮಾತ್ರ ಬಳಸತಕ್ಕ ಔಷಧಿ. ಹಾಲು ಹೆಚ್ಚಿಸಲೆಂದು ಕರಾವಿನ ಪ್ರಾಣಿಗಳ ಆರೋಗ್ಯಕ್ಕೆ ಹಾನಿಯಾಗುವಂಥ ಚುಚ್ಚುಮದ್ದು ಕೊಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 12ನೆಯ ಕಲಮಿನಂತೆ ಶಿಕ್ಷಾರ್ಹ ಅಪರಾಧ.

ಕರೆದು ಮುಗಿಸುವುದು ತಿಂಡಿ ಮುಗಿಯುವುದಕ್ಕಿಂತ ಮುಂಚೆ ಆಗಬೇಕು. ನಮ್ಮ ಕೊಟ್ಟಿಗೆಯಲ್ಲಿದ್ದ ಒಂದು ಕರಿ ಮೇಕೆ ಅರ್ಧ ಹಾಲು ಕೊಟ್ಟು ಆಮೇಲೆ ಏಕೆ ಒದೆಯುತ್ತದೆಂದು ನನಗೆ ಬಹಳ ದಿನ ತಿಳಿದಿರಲಿಲ್ಲ. ಒಂದು ಬೆಳಿಗ್ಗೆ ಕಿವಿಗೊಟ್ಟಾಗ ಗೊತ್ತಾಯಿತು: ಅದರ ನಾಲಿಗೆ ಖಾಲಿ ಬಾನಿಯ ತಳವನ್ನು ಕೆರೆಯುವ ಸದ್ದು ಬಂದ ಮರುಗಳಿಗೆಯೇ ಕಾಲೇಳುತ್ತಿತ್ತು. ಬಾನಿಯಲ್ಲಿ ಗುಂಡುಕಲ್ಲು ಇಡಲು ಶುರುಮಾಡಿದ್ದು ಅಂದಿನಿಂದ.

ಕರೆದಾದ ಮೇಲೆ ಪಶುವೈದ್ಯರು ಹೇಳಿದ ಅಯೋಡಿನ್ ದ್ರಾವಣದಲ್ಲಿ ಮೊಲೆಗಳ ತುದಿಯನ್ನು ಅದ್ದಿ. ಮರಿಗಳು ಕೂಡಲೇ ಕುಡಿಯುವುದಾದರೆ ಇದು ಬೇಡ. ಮೊಲೆಯ ರಂಧ್ರ ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕಾಗುವುದರಿಂದ ಅಷ್ಟು ಹೊತ್ತು ಮೇಕೆ ಸಗಣಿ ಗಂಜಲದ ನೆಲದಲ್ಲಿ ಮಲಗದಂತೆ ಮುಂದೆ ಸೊಪ್ಪು ಕಟ್ಟಿ ನಿಲ್ಲಿಸಿಕೊಳ್ಳಿ. ಹಾಲನ್ನು ಕಾಯಿಸದೆ ಯಾರಿಗೂ ಕೊಡಬೇಡಿ. ಹಸಿ ಹಾಲಿನ ಮೂಲಕ ಬ್ರುಸೆಲ್ಲಾ ರೋಗ ಮನುಷ್ಯರಿಗೆ ಹರಡುತ್ತದೆ. ಮೇಕೆ ಹಿಂದೆ ಕಂದು ಹಾಕಿದ್ದರೆ, ಎಂದರೆ ಅದಕ್ಕೆ ಗರ್ಭಪಾತವಾಗಿದ್ದರೆ, ರಕ್ತಪರೀಕ್ಷೆ ಮಾಡಿಸಿಯೇ ಮುಂದುವರಿಯಿರಿ.

ಮರಿಗಳನ್ನು ಎಲ್ಲಿಡಬೇಕು?

ಎರಡು ಮೂರು ವಾರ ತುಂಬಿ ಸೊಪ್ಪು ಕಡಿಯಲು ಕಲಿತ ಮರಿಗಳನ್ನು ರಾತ್ರಿ ಬೇರೆ ಕಟ್ಟಿ, ಬೆಳಿಗ್ಗೆ ಕರೆದ ನಂತರ ಹಗಲಿಡೀ ತಾಯಿಯೊಂದಿಗೆ ಬಿಡುವುದು ಸಣ್ಣ ಸಾಕಣೆಗೆ ಹೊಂದುವ ಪದ್ಧತಿ. ಕರೆಯುವಾಗ ಮರಿ ಎಲ್ಲಿರಬೇಕೆಂಬುದರಲ್ಲಿ ಎರಡು ಮತಗಳಿವೆ. ಕಣ್ಣೆದುರು ಕಟ್ಟಿದರೆ ತಾಯಿ ನೆಮ್ಮದಿಯಾಗಿ ತೊರೆ ಬಿಡುತ್ತದೆ ಎನ್ನುವವರಿದ್ದಾರೆ. ಮರಿ ಕಂಡರೆ ಅದಕ್ಕೆಂದೇ ಹಾಲು ಏರಿಸಿಕೊಳ್ಳುತ್ತದೆ ಎನ್ನುವವರೂ ಇದ್ದಾರೆ. ಆರಂಭದಲ್ಲಿ ಮರಿಯನ್ನು ಬಾನಿಯ ಪಕ್ಕದಲ್ಲಿ, ತಾಯಿ ಮೂಸಲು ಆಗುವಷ್ಟು ಹತ್ತಿರ ಕಟ್ಟುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಅತಿ ಕೆಟ್ಟದ್ದೆಂದರೆ ಮರಿಯನ್ನು ಗೋಡೆಯ ಆಚೆಗೆ, ಕೂಗು ಕೇಳಿಸುವಂತೆ ಆದರೆ ಕಾಣಿಸದಂತೆ ಕಟ್ಟುವುದು.

ಒದೆಯದೆ ಬೇರೆ ಆಟ ಹೂಡುವ ಮೇಕೆಗಳು

ಕರೆಯಲು ಕೂತೊಡನೆ ಮಂಡಿಯೂರಿ ಮಲಗುವ ಮೇಕೆಗೆ ನಿಮ್ಮ ಮೊಣಕಾಲನ್ನು, ಅಥವಾ ಗೋಣಿ ಸುತ್ತಿದ ಒಂದು ದಿಮ್ಮಿಯನ್ನು, ಎದೆಯ ಕೆಳಗೆ ಕೊಡಿ. ಕೆಚ್ಚಲು ಬಿಗಿದು ನೋಯುತ್ತಿದ್ದರೂ ಮೇಕೆ ಹೀಗೆ ಮಾಡುತ್ತದಾದ್ದರಿಂದ ಒಂದನೆಯ ಹಂತಕ್ಕೆ ಮರಳಿ ನೋಡುವುದು ಜಾಣತನ. ಅತ್ತಿತ್ತ ಹೆಜ್ಜೆ ಹಾಕಿ ಕುಣಿಯುವುದನ್ನು ಗೋಡೆಯ ಕಡೆಗೆ ಭುಜದಿಂದ ಒತ್ತಿ ಹಿಡಿದರೆ ಸಾಕು. ನೊಣ ಹೆಚ್ಚಿರುವ ಮಳೆಗಾಲದಲ್ಲಿ ಕಾಲು ಕೊಡವುವುದು ನಿಮ್ಮ ಮೇಲಿನ ಸಿಟ್ಟಲ್ಲ. ಬೇವಿನ ಸೊಪ್ಪಿನ ಹೊಗೆ ಹಾಕಿ. ಮಂದೆಯ ಯಜಮಾನಿ ಮೇಕೆಯ ಎದುರಿನಲ್ಲಿ ಬಡಪಾಯಿ ಮೇಕೆಯನ್ನು ಕರೆಯಲು ಹೋದರೆ ಅದು ತಿನ್ನುವುದೂ ಇಲ್ಲ, ನಿಲ್ಲುವುದೂ ಇಲ್ಲ. ಒಬ್ಬೊಬ್ಬರನ್ನೇ ಕಟ್ಟೆಗೆ ತನ್ನಿ, ಯಜಮಾನಿಯನ್ನು ಮೊದಲು ತನ್ನಿ. ಹೋತವನ್ನು ಆದಷ್ಟು ದೂರ ಕಟ್ಟಿ, ಅದರ ವಾಸನೆ ಹಾಲಿಗೂ ಹತ್ತುತ್ತದೆ.

ಹಂತ 6: ಕೊನೆಯ ಉಪಾಯ, ಕಾಲುಕಟ್ಟು

ಮೂರು ವಾರ ತಪ್ಪದೆ ಪ್ರಯತ್ನಿಸಿದ ಮೇಲೂ ಒದೆತ ನಿಲ್ಲದಿದ್ದರೆ ಕಾಲುಕಟ್ಟನ್ನು ಯೋಚಿಸಬಹುದು. ಇದನ್ನು ಮೊದಲ ದಿನವೇ ಹಾಕುವವರು ಹೆಚ್ಚು, ಮತ್ತು ವರ್ಷಗಟ್ಟಲೆ ಅದನ್ನು ಬಿಚ್ಚಲಾರದೆ ಉಳಿಯುವವರೂ ಅವರೇ. ಎರಡು ಅಂಗುಲ ಅಗಲದ ಹತ್ತಿಪಟ್ಟಿಯನ್ನು ಎರಡೂ ಹಿಂಗಾಲುಗಳಿಗೆ ಮಂಡಿಯಿಂದ ಕೆಳಗೆ, ನಡುವೆ ಒಮ್ಮೆ ಹೆಣೆದು, ಇಂಗ್ಲಿಷ್ ಎಂಟರ ಆಕಾರದಲ್ಲಿ ಸುತ್ತಿ. ಪಟ್ಟಿಯೊಳಗೆ ಒಂದು ಬೆರಳು ಸಲೀಸಾಗಿ ಹೋಗುವಂತಿರಲಿ, ಒಂದೇ ಎಳೆತಕ್ಕೆ ಬಿಚ್ಚುವ ಗಂಟಿರಲಿ. ಕಾಲುಗಳನ್ನು ಗೂಟಕ್ಕೋ ಕಂಬಕ್ಕೋ ಕಟ್ಟಬಾರದು. ಮೇಕೆ ಗಾಬರಿಯಾಗಿ ಹಾರಿದರೆ ಕಾಲು ಮುರಿಯುತ್ತದೆ. ಕಟ್ಟಿದ ಮೇಕೆಯನ್ನು ಬಿಟ್ಟು ಒಂದು ಹೆಜ್ಜೆಯೂ ಆಚೆ ಹೋಗಬೇಡಿ. ಪ್ಲಾಸ್ಟಿಕ್ ಹಗ್ಗವನ್ನಂತೂ ಕೈಯಲ್ಲೂ ಮುಟ್ಟಬೇಡಿ, ಅದು ಚರ್ಮವನ್ನು ಕೊಯ್ಯುತ್ತದೆ.

ಕಟ್ಟಿದ್ದಾಗಲೂ ಮೂರನೆಯ ಹಂತದ ನಿಯಮ ನಡೆಯಲೇಬೇಕು: ಮಿಸುಕಿದಾಗ ಕೈ ಇರಬೇಕು, ನಿಂತಾಗ ಹೋಗಬೇಕು. ವಾರ ಕಳೆದ ಮೇಲೆ ಪಟ್ಟಿಯನ್ನು ಸಡಿಲಿಸುತ್ತ, ಆಮೇಲೆ ಒಂದೇ ಕಾಲಿಗೆ ಸುತ್ತುತ್ತ, ಕೊನೆಗೆ ಬರಿದೆ ಕಾಲ ಮೇಲೆ ಇಟ್ಟು ತೆಗೆಯುತ್ತ ಬಿಡಿಸಿ. ಇಷ್ಟಾದರೂ ಒಪ್ಪದ ಮೇಕೆ ನೂರಕ್ಕೊಂದು ಇದ್ದೇ ಇರುತ್ತದೆ. ಮೊಲೆ ತೀರಾ ಸಣ್ಣದಾಗಿದ್ದು ಬೆರಳಿಗೇ ಸಿಗದಂಥವೂ ಇರುತ್ತವೆ. ಅಂಥದ್ದರ ಹಾಲನ್ನು ಮರಿಗಳಿಗೇ ಬಿಟ್ಟು, ಬೇಕಾದರೆ ತಬ್ಬಲಿ ಮರಿಯೊಂದನ್ನು ಅದಕ್ಕೆ ಹತ್ತಿಸಿ, ಕರಾವಿಗೆ ಬೇರೆ ಮೇಕೆಯನ್ನು ನೋಡಿಕೊಳ್ಳುವುದರಲ್ಲಿ ಅವಮಾನವೇನಿಲ್ಲ.

ಮುಂದಿನ ಮೇಕೆಗೆ

ಈ ಎಲ್ಲ ಪಾಡು ತಪ್ಪಬೇಕಾದರೆ ಈಯುವುದಕ್ಕೆ ಮೊದಲೇ ಆರಂಭಿಸಬೇಕು. ಮೇಕೆಯ ಗರ್ಭ ಸುಮಾರು 150 ದಿನ. ನಾಲ್ಕನೆಯ ತಿಂಗಳು ತುಂಬಿದಾಗಿನಿಂದ ದಿನವೂ ಕಟ್ಟೆಗೆ ಹತ್ತಿಸಿ, ಒಂದು ಹಿಡಿ ತಿಂಡಿ ಕೊಟ್ಟು, ಹೊಟ್ಟೆಯ ಅಡಿ ಮತ್ತು ಕೆಚ್ಚಲನ್ನು ಅಂಗೈಯಿಂದ ಸವರಿ ಇಳಿಸಿ. ಈ ಹೊತ್ತಿನಲ್ಲಿ ಮೊಲೆಯನ್ನು ಹಿಂಡಿ ನೋಡುವ ಕುತೂಹಲ ಮಾತ್ರ ಬೇಡ, ಏಕೆಂದರೆ ಮೊಲೆಯ ತುದಿಯನ್ನು ಮುಚ್ಚಿರುವ ಮೇಣದಂಥ ಬಿರಡೆ ಕಳಚಿದರೆ ಸೋಂಕಿಗೆ ಬಾಗಿಲು ತೆರೆದಂತೆ. ಕರಾವಿಗೆ ಉಳಿಸಿಕೊಳ್ಳುವ ಹೆಣ್ಣುಮರಿಯಿದ್ದರೆ ತಾಯಿಯನ್ನು ಕರೆಯುವಾಗ ಅದನ್ನೂ ಕಟ್ಟೆಯ ಬಳಿ ಬಿಡಿ. ನೀವು ತಡೆದರೂ ಅದು ಹತ್ತಿ ಬಂದು ತಾಯಿಯ ಬಾನಿಗೆ ಮೂತಿ ತೂರಿಸುತ್ತದೆ. ತೂರಿಸಲಿ, ಆ ಹೊತ್ತಿಗೆ ಅದರ ಹೊಟ್ಟೆಯಡಿ ನಿಮ್ಮ ಇನ್ನೊಂದು ಕೈ ಇರಲಿ.